ಸಾಣಿಗೆ ಕಟ್ಟಿದವರು

ಆಳಂದ
೨೦ ಆಗಸ್ಟ್ ೨೦೨೩

ಗೆಳೆಯ ಜಗದೇವನಿಗೆ ಮುಕ್ರಮನ ಸಲಾಮು.

ಫೋನಿನಲ್ಲಿ ಹೇಳಿದರೆ ನೀನು ಹೂಂಗುಟ್ಟಿ ಮರೆತುಬಿಡುತ್ತೀ. ಪಾಲಿಟೆಕ್ನಿಕ್ಕಿನಲ್ಲಿ ಒಂದೇ ಕೋಣೆಯಲ್ಲಿದ್ದಾಗಿನಿಂದ ನೋಡಿದ್ದೇನೆ. ಅದಕ್ಕೇ ಈ ಮೇಲ್. ಇನ್ನು ಮುಂದೆ ಈ ಕೆಲಸದ ಮಾತೆಲ್ಲ ಬರಹದಲ್ಲೇ ಆಗಲಿ.

ನಮ್ಮ ಸಾಣಿಗೆ ನನ್ನ ಲಿನಕ್ಸ್ ಮಷಿನ್ನಿನಲ್ಲಿ ಕಟ್ಟಿ ನಿಂತಿತು ಮಾರಾಯ. ನಿಂಬರ್ಗಾದ ಆ ಮದುವೆ ಕಾರ್ಡು ನೆನಪಿದೆಯಲ್ಲ, ಅಬ್ಬಾ ಹಳೆಯ ಡಿಟಿಪಿ ಫಾಂಟಿನಲ್ಲಿ ಮಾಡಿದ್ದು? ಈಗಿನ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಕಾಗೆ ಕಾಲು ಗುಬ್ಬಿ ಕಾಲು. ಅದನ್ನು ಸಾಣಿಗೆಯಲ್ಲಿ ಸೋಸಿದೆ, ಅಚ್ಚ ಯುನಿಕೋಡ್ ಕನ್ನಡವಾಗಿ ಇಳಿಯಿತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಹಿಂದೆ ಕೂತಿರುವುದರಿಂದ ಊರಿನ ಹೆಸರು ಮೊದಮೊದಲು 'ನಿಂಬಗಾರ್' ಅಂತ ಬರುತ್ತಿತ್ತು. ಈಗ ಅದೂ ಸರಿಯಾಗಿದೆ.

ಬೇರೆ ಪ್ರೆಸ್ಸಿನವರಿಗೆಂದು ಪರಿಚಯ ಹೀಗೆ ಬರೆದಿದ್ದೇನೆ, ನೋಡು: "ಸಾಣಿಗೆ ಒಂದು ಸಾಫ್ಟ್‌ವೇರ್ ಲೈಬ್ರರಿ. ಬೇರೆ ತಂತ್ರಾಂಶಗಳು ಇದನ್ನು ಒಳಗೆ ಸೇರಿಸಿಕೊಂಡು ಕೆಲಸ ಮಾಡಿಸಿಕೊಳ್ಳುತ್ತವೆ. ನಾವು ಕೊಡುವುದು ಸೋರ್ಸ್, ಅಂದರೆ ನಾವು ಬರೆದದ್ದು ಬರೆದ ಹಾಗೆ. ನಿಮ್ಮ ಕಂಪ್ಯೂಟರಿಗೆ ತಕ್ಕಂತೆ ಅದನ್ನು ನೀವೇ ಕಟ್ಟಿಕೊಳ್ಳಬೇಕು." ಕಟ್ಟಿಯೇ ಕೊಟ್ಟರೆ ಸುಲಭ ಅಂತ ನಿನ್ನ ವಾದ. ನನ್ನ ವಾದ ಹಳೆಯದೇ. ಹಿಟ್ಟು ಕೊಡೋಣ, ರೊಟ್ಟಿ ಅವರವರೇ ಬಡಿದುಕೊಳ್ಳಲಿ. ಆಗ ಒಳಗೆ ಏನು ಬೆರೆತಿದೆ ಅಂತ ಯಾರೂ ಅನುಮಾನ ಪಡುವ ಹಾಗಿಲ್ಲ.

ಲಿನಕ್ಸ್ ನನ್ನ ಪಾಲು. ವಿಂಡೋಸ್ ನಿನ್ನ ಪಾಲು, ನಿನ್ನ ಕಾಲೇಜಿನ ಲ್ಯಾಬ್ ತುಂಬ ಅದೇ ಇದೆ. ಮ್ಯಾಕ್ ನಮ್ಮ ಜೂನಿಯರ್ ಶಿವಗಂಗಾಳದು. ಅಫಜಲಪುರದ ತನ್ನ ಸ್ಟುಡಿಯೊದಲ್ಲಿ ಮದುವೆ ವಿಡಿಯೊ ಕತ್ತರಿಸಲು ಆಕೆ ಒಂದು ಮ್ಯಾಕ್ ಇಟ್ಟಿದ್ದಾಳೆ. ಮೂರೂ ಕಡೆ ಕಟ್ಟದ ಹೊರತು ಯಾವ ಬದಲಾವಣೆಯೂ ಹೊರಗೆ ಹೋಗಬಾರದು.

ಇನ್ನೊಂದು. ಸೋಸಿದ ಪ್ರತಿ ಕಡತದ ಅಡಿಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರುವಂತೆ ಮಾಡಿದ್ದೇನೆ: "ಸಾಣಿಗೆ ಕಟ್ಟಿದವರು: ಮುಕ್ರಮ, ಆಳಂದ. ಜಗದೇವ, ಜೇವರ್ಗಿ." ಇದು ಪ್ರೆಸ್ಸಿನವರ ಪದ್ಧತಿ. ಹ್ಯಾಂಡ್‌ಬಿಲ್ ಇರಲಿ, ತೊಟ್ಟಿಲು ಕಾರ್ಡ್ ಇರಲಿ, ಅಡಿಯಲ್ಲಿ ನಮ್ಮ ಪ್ರೆಸ್ಸಿನ ಹೆಸರು ಇರಲೇಬೇಕು. "ಅಡಿಗಿ ಹೆಸರಿಲ್ಲದ ಹಾಳಿ ನಮ್ಮ ಬಾಗಲಾ ದಾಟಂಗಿಲ್ಲ" ಅಂತ ಅಬ್ಬಾ ಈಗಲೂ ಅನ್ನುತ್ತಾರೆ. ಅಕ್ಷರಮಾಲೆಯ ಲೆಕ್ಕದಲ್ಲಿ ನೀನು ಮೊದಲು ಬರಬೇಕಿತ್ತು, ಆದರೆ ಊರಿನ ಲೆಕ್ಕದಲ್ಲಿ ಆಳಂದವೇ ಮುಂದೆ. ಜಗಳವಿದ್ದರೆ ಹೇಳು.

ನಿನಗೆಂದೇ ಮಾಂಸ ಮುಟ್ಟಿಸದೆ ಎತ್ತಿಟ್ಟ ಬೋಗುಣಿಯನ್ನು ಅಮ್ಮಿ ನಿನ್ನೆ ಬೆಳಗಿಟ್ಟಳು. "ಜಗದೇವನ ಬೋಗುಣಿ ಖಾಲಿ ಕುಂತದ, ಯಾವಾಗ ಬರ್ತಾನ ಕೇಳು" ಅಂದಳು. ಕೇಳಿದ್ದೇನೆ.

ನಿನ್ನ
ಮುಕ್ರಮ

◆

ಜೇವರ್ಗಿ
೩ ಸೆಪ್ಟೆಂಬರ್ ೨೦೨೩

ಮುಕ್ರಮ, ಶರಣು ಶರಣಾರ್ಥಿ.

ಜಗಳವಿಲ್ಲ. ಆಳಂದವೇ ಮುಂದಿರಲಿ, ಹೇಗೂ ಬರೆದದ್ದರಲ್ಲಿ ಮುಕ್ಕಾಲು ಪಾಲು ನಿನ್ನದೇ.

ವಿಂಡೋಸ್ ನನ್ನನ್ನು ಹೈರಾಣ ಮಾಡಿತು. ನಿನಗೆ ಲಿನಕ್ಸಿನಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿ ಮೊದಲು ಸೋರ್ಸನ್ನು ಕಟ್ಟಿಕೊಡುವ ಕಂಪೈಲರನ್ನೇ ಇಳಿಸಿಕೊಳ್ಳಬೇಕು, ಅದು ಕಾಲೇಜಿನ ನೆಟ್ಟನ್ನೆಲ್ಲ ನುಂಗಿತು. ಆಫೀಸಿನ ಗುಮಾಸ್ತರು ಬಂದು "ಏನ್ ಇಳಸಾಕತ್ತೀರಿ ಸರ, ನಮ್ಮ ಸ್ಕಾಲರ್‌ಶಿಪ್ ಪೇಜ್ ತೆಗಿವಲ್ತು" ಅಂದರು. ಅಂತೂ ಕಟ್ಟಿತು. ಕಟ್ಟಿದ ಮೇಲೆ ನೋಡಿದರೆ ಅಡಿಯ ಸಾಲಿನಲ್ಲಿ ನಮ್ಮಿಬ್ಬರ ಹೆಸರಿಗೆ ಬದಲು ಬರೀ ಪ್ರಶ್ನೆಚಿಹ್ನೆ! ಸೋರ್ಸಿನಲ್ಲಿರುವ ಕನ್ನಡವನ್ನು ಈ ಕಂಪೈಲರ್ ಇಂಗ್ಲಿಷಿನ ಕಣ್ಣಲ್ಲೇ ಓದುತ್ತದೆ. ಇದು ಯುನಿಕೋಡ್ ಕಣಪ್ಪಾ ಅಂತ ಕಟ್ಟುವಾಗಲೇ ಒಂದು ಆಯ್ಕೆ ಸೇರಿಸಿ ಹೇಳಬೇಕು. ಹೇಳಿದೆ. ಎರಡೂ ಹೆಸರು ತಿಳಿನೀರಿನ ಹಾಗೆ ಮೂಡಿದವು.

ಲ್ಯಾಬಿನ ಹುಡುಗರಿಗೆ ದೊಡ್ಡ ಪರದೆಯ ಮೇಲೆ ತೋರಿಸಿದೆ. ಹಿಂದಿನ ಬೆಂಚಿನವನೊಬ್ಬ "ಈ ಮುಕ್ರಮ ಯಾರ್ರಿ ಸರ?" ಅಂದ. "ನನ್ನ ಜೀವದ ಗೆಳೆಯ. ಅವನ ಕೈಯಾಗ ಕಲತೇನಿ ನಾನು" ಅಂದೆ. ನಿಜವೇ ತಾನೆ?

ಶಿವಗಂಗಾ ಫೋನ್ ಮಾಡಿದ್ದಳು. ಮ್ಯಾಕಿನಲ್ಲೂ ಕಟ್ಟಿತಂತೆ. "ನಿಮ್ಮಿಬ್ಬರ ಹೆಸರ ಕೆಳಗ ನನ್ನ ಸ್ಟುಡಿಯೊ ಹೆಸರೂ ಹಾಕ್ರಿ" ಅಂತ ಕಾಡುತ್ತಿದ್ದಾಳೆ.

ಅಮ್ಮಿಗೆ ಹೇಳು, ದಸರಾ ರಜೆಗೆ ಬರುತ್ತೇನೆ.

ಜಗದೇವ

◆

ಜೇವರ್ಗಿ
೨೮ ಜನವರಿ ೨೦೨೪

ಪ್ರಿಯ ಮುಕ್ರಮ,

ದಸರೆಗೆ ಬರಲಾಗಲಿಲ್ಲ, ಬೇಜಾರಾಗಬೇಡ. ಇಲ್ಲಿ ದೊಡ್ಡ ಕೆಲಸ ಒದಗಿದೆ. ನಮ್ಮ ಕಾಲೇಜು ನಡೆಸುವ ಸಂಸ್ಥೆಯವರು ತಾವು ಹಿಂದೆ ಅಚ್ಚು ಹಾಕಿಸಿದ ವಚನ ಪುಸ್ತಕಗಳನ್ನೆಲ್ಲ ಸಾಣಿಗೆಯಲ್ಲಿ ಸೋಸಿ ಹೊಸದಾಗಿ ತರುತ್ತಾರೆ. ಬಸವ ಜಯಂತಿಗೆ ಬಿಡುಗಡೆ. ನಮ್ಮಪ್ಪ ಶಾಂತಲಿಂಗಪ್ಪ ಸಂಸ್ಥೆಯ ಹಿರಿಯರ ಜೊತೆ ಓಡಾಡಿದ್ದಕ್ಕೆ ಇದು ಕೂಡಿಬಂತು. ನನ್ನ ನೌಕರಿ ಕಾಯಂ ಮಾಡುವ ಮಾತೂ ನಡೆದಿದೆ.

ಹಳೆಯ ಕಡತಗಳನ್ನು ನಿನಗೆ ಕಳಿಸುತ್ತಿದ್ದೇನೆ. ಒತ್ತಕ್ಷರಗಳು ಬಹಳ ಕೆಟ್ಟಿವೆ. ನಿನ್ನ ಹಾಗೆ ಅಕ್ಷರ ಅಕ್ಷರ ನೋಡುವ ತಾಳ್ಮೆ ನನಗಿಲ್ಲ, ನೀನೇ ತಿದ್ದಿಕೊಡಬೇಕು.

ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಅವರ ಆಫೀಸಿನವರಿಗೆ ಸೋರ್ಸಿನಿಂದ ಕಟ್ಟಲು ಬರುವುದಿಲ್ಲ, ಹಾಗಾಗಿ ವಿಂಡೋಸಿಗೆ ನಾನೇ ಕಟ್ಟಿ ಕೊಟ್ಟಿದ್ದೇನೆ. ಇನ್ನೊಂದು, ಹೊಸ ವಿಂಡೋಸ್ ಹಾಕಿದ ಮೇಲೆ ಅಡಿಯ ಸಾಲು ಮತ್ತೆ ಪ್ರಶ್ನೆಚಿಹ್ನೆ ಆಗುತ್ತಿದೆ. ಆ ಹಿಂದಿನ ಆಯ್ಕೆಗೂ ಬಗ್ಗುತ್ತಿಲ್ಲ. ವಚನದ ಕೆಳಗೆ ಪ್ರಶ್ನೆಚಿಹ್ನೆ ಚೆನ್ನಾಗಿ ಕಾಣುವುದಿಲ್ಲವಲ್ಲ, ಸದ್ಯಕ್ಕೆ ಆ ಸಾಲನ್ನು ಬಿಟ್ಟಿದ್ದೇನೆ. ಸರಿಹೋದ ಕೂಡಲೇ ಹಾಕುತ್ತೇನೆ.

ಅವಸರದಲ್ಲಿ,
ಜಗದೇವ

◆

ಆಳಂದ
೨೪ ಮಾರ್ಚ್ ೨೦೨೪

ಜಗದೇವ,

ರಮಜಾನಿನ ರೋಜಾ ನಡೆದಿದೆ. ಮಧ್ಯಾಹ್ನ ಅಂಗಡಿಗೆ ಗಿರಾಕಿ ಕಡಿಮೆ, ಹಾಗಾಗಿ ನಿನ್ನ ಕೆಲಸಕ್ಕೇ ಕೂತಿದ್ದೆ. ವಚನದ ಕಡತಗಳೆಲ್ಲ ಮುಗಿದವು. ಒಂದು ಒತ್ತೂ ಬಿಟ್ಟಿಲ್ಲ. ಅಕ್ಷರ ನೋಡುತ್ತ ನೋಡುತ್ತ ಅರ್ಥವೂ ಒಳಗಿಳಿಯುತ್ತದಲ್ಲ, ಕೆಲವಂತೂ ಬಾಯಿಪಾಠವೇ ಆಗಿಬಿಟ್ಟಿವೆ. ಅಬ್ಬಾಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿ, "ಇನ್ನೊಂದ ಸಲ ಓದು ಬೇಟಾ" ಅಂದರು.

ಈಗ ಆ ಅಡಿಯ ಸಾಲಿನ ವಿಷಯ. ನೀನೊಬ್ಬನೇ ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿದ್ದೀ ಅಂತ ನನಗೆ ಸಂಕಟವಾಯಿತು. ತಂಗಿ ಜಸ್ಮೀನಳ ಲ್ಯಾಪ್‌ಟಾಪ್ ಕಸಿದುಕೊಂಡೆ. ಅದು ಹೊಸ ವಿಂಡೋಸಿನದು. ಅವಳ ಪರೀಕ್ಷೆ ಬೇರೆ ಹತ್ತಿರ ಬಂದಿದೆ, ಬಾಯಿಗೆ ಬಂದ ಹಾಗೆ ಬೈದಳು. ಕಂಪೈಲರ್ ಇಳಿಸಿದೆ, ಸೋರ್ಸ್ ತಂದೆ, ನೀನು ಹೇಳಿದ ಆಯ್ಕೆ ಸೇರಿಸಿ ಕಟ್ಟಿದೆ. ಎರಡೂ ಹೆಸರು ಸ್ವಚ್ಛವಾಗಿ ಬಂದವು. ನನ್ನದೇ ತಪ್ಪಿರಬೇಕು ಅಂತ ಎಲ್ಲ ಅಳಿಸಿ ಮತ್ತೆ ಮೊದಲಿನಿಂದ ಕಟ್ಟಿದೆ. ಆಗಲೂ ಬಂದವು. ಹೊಸ ಕಂಪೈಲರ್ ಬಿಟ್ಟು ಹಳೆಯದರಲ್ಲಿ ಕಟ್ಟಿದೆ, ಅದರಲ್ಲೂ ಬಂದವು. ಆಯ್ಕೆ ತೆಗೆದರೆ ಮಾತ್ರ ಪ್ರಶ್ನೆಚಿಹ್ನೆ, ಹಾಕಿದರೆ ಹೆಸರು. ಕೆಡಲಿ ಅಂತಲೇ ಕಟ್ಟುತ್ತಿದ್ದೇನೆ, ಆದರೂ ಕೆಡುತ್ತಿಲ್ಲ. ಕೆಟ್ಟದ್ದು ಕಣ್ಣಿಗೆ ಬೀಳದೆ ರಿಪೇರಿ ಹೇಗೆ ಮಾಡಲಿ ಹೇಳು?

ನಿನ್ನ ಮಷಿನ್ನಿನಲ್ಲೇ ಏನೋ ಇದೆ. ಕಟ್ಟುವಾಗ ಪರದೆಯ ಮೇಲೆ ಬರುವುದನ್ನೆಲ್ಲ ಹಾಗೇ ಕಳಿಸು. ಇಲ್ಲವೇ ಈದ್ ಮುಗಿದ ಮೇಲೆ ನಾನೇ ಕಲಬುರಗಿ ಬಸ್ ಹಿಡಿದು, ಅಲ್ಲಿಂದ ಜೇವರ್ಗಿಗೆ ಬರುತ್ತೇನೆ. ಒಂದು ದಿನ ಕೂತರೆ ಇಬ್ಬರೂ ಸೇರಿ ಹಿಡಿಯುತ್ತೇವೆ. ಬಸವ ಜಯಂತಿಯ ಹೊತ್ತಿಗೆ ಸರಿಹೋಗುತ್ತದೆ, ನೀನು ಚಿಂತೆ ಬಿಡು.

ಪುಸ್ತಕದ ಅಡಿಯಲ್ಲಿ ಹೆಸರು ಬಂದರೆ ಅಬ್ಬಾಗೆ ತೋರಿಸಬೇಕು ಅಂತ ಆಸೆ. ನಮ್ಮ ಪ್ರೆಸ್ಸಿನಿಂದ ಇಷ್ಟು ದೊಡ್ಡ ಪುಸ್ತಕ ಇದುವರೆಗೆ ಹೋಗಿಲ್ಲ.

ನಿನ್ನ
ಮುಕ್ರಮ

◆

ಆಳಂದ
೧೪ ಏಪ್ರಿಲ್ ೨೦೨೪

ಜಗದೇವ,

ಉತ್ತರ ಬರಲಿಲ್ಲ. ಫೋನೂ ಎತ್ತುತ್ತಿಲ್ಲ. ಮೈಯಲ್ಲಿ ಹುಷಾರಿದ್ದೀಯಾ?

ಈದಿಗೆ ನೀನು ತಪ್ಪಿಸಿದ್ದು ಇದೇ ಮೊದಲು. ಅಮ್ಮಿ ನಿನ್ನ ಪಾಲಿನ ಶೀರ್‌ಖುರ್ಮಾ ಆ ಬೋಗುಣಿಯಲ್ಲೇ ಮಾಡಿ, ಸಂಜೆಯ ತನಕ ಯಾರಿಗೂ ಮುಟ್ಟಲು ಬಿಡಲಿಲ್ಲ. ಮುಂದಿನ ರವಿವಾರ ಬರಲೇ? ಒಂದು ಸಾಲು ಬರೆ ಸಾಕು.

ಮುಕ್ರಮ

◆

ಜೇವರ್ಗಿ
೧೮ ಏಪ್ರಿಲ್ ೨೦೨೪

ಮುಕ್ರಮ,

ಹುಷಾರಿದ್ದೇನೆ, ಕೆಲಸದ ಒತ್ತಡ ಅಷ್ಟೇ. ಈಗ ಬರಬೇಡ, ಸಂಸ್ಥೆಯವರು ದಿನವೂ ಲ್ಯಾಬಿಗೆ ಬಂದು ಹೋಗುತ್ತಿರುತ್ತಾರೆ. ಅಡಿಯ ಸಾಲಿನ ವಿಷಯ ಬಿಡು, ಅದು ಅಂಥ ದೊಡ್ಡದೇನಲ್ಲ. ನೀನು ತಿದ್ದಿದ ಕಡತಗಳು ಬಹಳ ಚೆನ್ನಾಗಿವೆ ಅಂತ ಎಲ್ಲರೂ ಮೆಚ್ಚಿದರು.

ಜಗದೇವ

◆

ಅಫಜಲಪುರ
೧೯ ಮೇ ೨೦೨೪

ಮುಕ್ರಮ ಅಣ್ಣಾ, ನಮಸ್ಕಾರ.

ಲಗ್ನದ ಸೀಸನ್, ತಲೆ ತುರಿಸಿಕೊಳ್ಳಲೂ ಪುರಸೊತ್ತಿಲ್ಲ. ನಿನ್ನೆ ಚೌಡಾಪುರದಲ್ಲಿ ಒಂದು ಲಗ್ನ ಮುಗಿಸಿ ಬಂದೆ, ನಾಳೆ ಇನ್ನೊಂದು. ಆದರೂ ನಿಮ್ಮನ್ನು ಸ್ವಲ್ಪ ಕಾಡಿಸಬೇಕು ಅಂತ ಬರೆಯುತ್ತಿದ್ದೇನೆ.

ನಮ್ಮ ಸ್ಟುಡಿಯೊಗೆ ಹೊಸದಾಗಿ ವಿಂಡೋಸಿನದೊಂದು ಕಂಪ್ಯೂಟರ್ ತಂದೆವು. ಅದರಲ್ಲಿ ಸಾಣಿಗೆ ಕಟ್ಟಲು ನನಗೆ ಸೋಮಾರಿತನ. ಜಗದೇವಣ್ಣ ಕಟ್ಟಿ ಸಂಸ್ಥೆಗೆ ಕೊಟ್ಟಿದ್ದಾರಲ್ಲ, ಅದನ್ನೇ ಅಲ್ಲಿಯ ಆಫೀಸಿನಿಂದ ತರಿಸಿ ಹಾಕಿಕೊಂಡೆ. ಒಂದೇ ಲಗ್ನದ ಕಾರ್ಡನ್ನು ಎರಡರಲ್ಲೂ ಸೋಸಿದೆ. ನಾನೇ ಸೋರ್ಸಿನಿಂದ ಕಟ್ಟಿದ ಮ್ಯಾಕಿನಲ್ಲಿ ಅಡಿಗೆ ನಿಮ್ಮಿಬ್ಬರ ಹೆಸರೂ ಬಂತು. ವಿಂಡೋಸಿನಲ್ಲಿ ಮಾತ್ರ "ಸಾಣಿಗೆ ಕಟ್ಟಿದವರು: ಜಗದೇವ, ಜೇವರ್ಗಿ" ಅಷ್ಟೇ. ಪ್ರಶ್ನೆಚಿಹ್ನೆ ಗಿಶ್ನೆಚಿಹ್ನೆ ಏನಿಲ್ಲ, ಅಕ್ಷರ ಮುತ್ತಿನ ಹಾಗಿವೆ. ವಿಂಡೋಸಿಗೆ ನಿಮ್ಮ ಮೇಲೆ ಏನು ಸಿಟ್ಟಣ್ಣಾ? ಫೋಟೊ ಇಟ್ಟಿದ್ದೇನೆ, ನೋಡಿ ನಗಿರಿ.

ಬಸವ ಜಯಂತಿಯ ಪುಸ್ತಕ ಬಿಡುಗಡೆಯ ವಿಡಿಯೊವನ್ನೂ ನಾವೇ ಮಾಡಿದ್ದು. ನೀವು ಬರುತ್ತೀರಿ ಅಂತ ಗೇಟಿನ ಕಡೆಗೇ ನೋಡುತ್ತಿದ್ದೆ. ಜಗದೇವಣ್ಣನಿಗೆ ಶಾಲು ಹೊದಿಸಿದರು. ಪುಸ್ತಕದ ಕೊನೆಯ ಪುಟದಲ್ಲೂ ಅದೇ ಒಂದು ಹೆಸರಿದೆ. ನಿಮ್ಮನ್ನು ಕರೆದಿರಲಿಲ್ಲವಾ?

ಶಿವಗಂಗಾ

◆

ಆಳಂದ
೨೨ ಮೇ ೨೦೨೪

ಜಗದೇವ,

ಶಿವಗಂಗಾ ಕಳಿಸಿದ ಫೋಟೊ ಇದರ ಜೊತೆಗಿದೆ. ನಿನಗೆ ಹೊಸದೇನಲ್ಲ, ಆದರೂ ಒಮ್ಮೆ ನೋಡು.

ಆ ಸಾಲು ಕೆಟ್ಟಿರಲಿಲ್ಲ. ಬಿಟ್ಟುಹೋಗಿಯೂ ಇರಲಿಲ್ಲ. ಸೋರ್ಸಿನ ಒಂದು ಪ್ರತಿ ಬೇರೆ ಇಟ್ಟುಕೊಂಡು, ಅದರಲ್ಲಿ ನನ್ನ ಹೆಸರು ಅಳಿಸಿ, ನಿನ್ನದನ್ನು ಉಳಿಸಿ, ಅದರಿಂದ ಕಟ್ಟಿ ಕೊಟ್ಟಿದ್ದೀ. ಇದಕ್ಕೇ ನಿನಗೆ ಕಟ್ಟಿದ್ದು ಕೊಡುವ ಅವಸರವಿತ್ತು! ಇದಕ್ಕೇ ನನಗೆ ಜೇವರ್ಗಿಗೆ ಬರಬೇಡ ಅಂದದ್ದು!

ನನ್ನ ಸಿಟ್ಟು ಎಲ್ಲಿಗೆ ಮುಟ್ಟಿದೆ ಗೊತ್ತಾ? ರಮಜಾನಿನ ಆ ಮಧ್ಯಾಹ್ನಗಳಿಗೆ. ಒಣಗಿದ ಗಂಟಲಲ್ಲಿ, ತಂಗಿಯ ಬೈಗುಳ ತಿನ್ನುತ್ತ, ಇಲ್ಲದ ರೋಗಕ್ಕೆ ಔಷಧ ಹುಡುಕಿದೆ. ನನ್ನ ಹೆಸರು ತೆಗೆದವನ ತೊಂದರೆ ನೀಗಿಸಲು ನಾನು ಒದ್ದಾಡುತ್ತಿದ್ದೆ. ಅದನ್ನು ಓದಿಯೂ ನೀನು ಸುಮ್ಮನೆ ಕೂತೆ. "ಕೆಡುತ್ತಿಲ್ಲ" ಅಂತ ನಾನು ಬರೆದಾಗ ನಿನಗೆ ನಗು ಬಂತಾ, ನಾಚಿಕೆ ಬಂತಾ? ಅದೊಂದನ್ನಾದರೂ ಹೇಳು.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೆಸರು ನನ್ನ ಕೈಗೆ, ಮೊಸರು ನಿನ್ನ ಬಾಯಿಗೆ, ಮೇಲೊಂದು ಶಾಲು. ನೀನು ಉಂಡ ಮನೆಯ ಜಂತಿ ಎಣಿಸುವವನು ಅಂತ ಯಾರಾದರೂ ಹೇಳಿದ್ದರೆ ಅವರ ಜೊತೆ ಜಗಳಕ್ಕೆ ಬೀಳುತ್ತಿದ್ದೆ.

ಪುಸ್ತಕ ಬಂತಾ ಅಂತ ಅಬ್ಬಾ ದಿನವೂ ಕೇಳುತ್ತಾರೆ. ಏನು ಹೇಳಲಿ? ನೀನೇ ಬರೆದು ಕಳಿಸು, ಓದಿ ಹೇಳುತ್ತೇನೆ.

ಮುಕ್ರಮ

◆

ಜೇವರ್ಗಿ
೧೬ ಜೂನ್ ೨೦೨೪

ಮುಕ್ರಮ,

ಬಹಳ ಯೋಚಿಸಿ ಬರೆಯುತ್ತಿದ್ದೇನೆ. ನೀನು ಸಿಟ್ಟಿನಲ್ಲಿದ್ದೀ, ಹಾಗಾಗಿ ಎಲ್ಲ ಕಪ್ಪಾಗಿ ಕಾಣುತ್ತಿದೆ. ನಡೆದದ್ದು ಇಷ್ಟೇ.

ಜನವರಿಯ ಮೀಟಿಂಗಿನಲ್ಲಿ ಸಾಣಿಗೆಯನ್ನು ಪರದೆಯ ಮೇಲೆ ತೋರಿಸಿದೆ. ಅಡಿಗೆ ಆ ಸಾಲು ಬಂತು. ಹಿರಿಯರೊಬ್ಬರು "ಈ ಮುಕ್ರಮ ಯಾರ್ರಿ?" ಅಂತ ಕೇಳಿದರು. ಅಷ್ಟೇ ಕೇಳಿದ್ದು. ಯಾರೂ ನಿನ್ನ ಬಗ್ಗೆ ಕೆಟ್ಟ ಮಾತಾಡಲಿಲ್ಲ, ದೇವರಾಣೆಗೂ ಇಲ್ಲ. ಆದರೆ ಆ ಹೊತ್ತಿಗೆ ಎಲ್ಲರೂ ನನ್ನ ಕಡೆ ತಿರುಗಿದರು, ಅಪ್ಪನೂ ತಿರುಗಿದ. "ನಮ್ಮ ಕಡಿ ಟೈಪಿಂಗ್ ಮಾಡ್ತಾನ್ರಿ" ಅಂದೆ. ಟೈಪಿಂಗ್ ಮಾಡುವವನ ಹೆಸರು ಕಟ್ಟಿದವರ ಸಾಲಿನಲ್ಲಿ ಹೇಗಿರುತ್ತದೆ? ಹಾಗಾಗಿ ತೆಗೆಯಬೇಕಾಯಿತು. ಮುಂದೆ ಯಾರಾದರೂ ಏನಾದರೂ ಅಂದು, ಮಾತಿಗೆ ಮಾತು ಬೆಳೆದು, ಪುಸ್ತಕವೇ ನಿಂತುಹೋದರೆ ಯಾರಿಗೆ ಲಾಭ? ಈಗಿನ ಕಾಲ ನಿನಗೂ ಗೊತ್ತು. ನಿನ್ನ ಹೆಸರು ಯಾರ ಬಾಯಿಗೂ ಬೀಳದಿರಲಿ ಅಂತ ಒಂದು ರೀತಿಯಲ್ಲಿ ನಿನ್ನನ್ನೇ ಕಾಪಾಡಿದೆ.

ಮತ್ತೆ, ಎಲ್ಲರಿಗೂ ತೆರೆದಿಟ್ಟ ಸೋರ್ಸಿಗೆ ನಾನು ಕೈ ಹಚ್ಚಿಲ್ಲ. ಅದರಲ್ಲಿ ನಿನ್ನ ಹೆಸರು ಇದ್ದ ಹಾಗೇ ಇದೆ, ನನಗಿಂತ ಮೊದಲೇ ಇದೆ. ಯಾರು ಸೋರ್ಸಿನಿಂದ ಕಟ್ಟುತ್ತಾರೋ ಅವರಿಗೆ ಕಾಣುತ್ತದೆ. ಕಟ್ಟಿದ ಕಡತದಲ್ಲಿ ಒಂದು ಹೆಸರು ಇಲ್ಲದಿದ್ದರೆ ಗೆಳೆತನ ಮುರಿಯುತ್ತದಾ?

ನೌಕರಿ ಕಾಯಂ ಆಯಿತು. ನಿನಗೇ ಮೊದಲು ಹೇಳಬೇಕು ಅಂತಿದ್ದೆ.

ನಿನ್ನವನೇ,
ಜಗದೇವ

◆

ಆಳಂದ
೬ ಅಕ್ಟೋಬರ್ ೨೦೨೪

ಜಗದೇವ ಅವರಿಗೆ,

ನಿಮ್ಮ ಪತ್ರ ತಲುಪಿದೆ. ಉತ್ತರ ತಡವಾಯಿತು, ಅಂಗಡಿಯ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲೇ ಮಾಡಬೇಕಾದ ಒಂದು ಕೆಲಸವಿತ್ತು.

ನೌಕರಿ ಕಾಯಂ ಆದದ್ದು ಸಂತೋಷ.

ಮೀಟಿಂಗಿನಲ್ಲಿ ಅವರು ಕೇಳಿದ್ದು 'ಮುಕ್ರಮ ಯಾರು' ಅಂತ. ತೆಗೆಯಿರಿ ಅಂತ ಯಾರೂ ಹೇಳಲಿಲ್ಲ. ನಿಮ್ಮ ಪತ್ರದಲ್ಲಿ ನೀವೇ ಬರೆದಿದ್ದೀರಿ, ಹಾಗಾಗಿ ನಂಬುತ್ತೇನೆ. ಅವರೇ ತೆಗೆಸಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ. ಅವರು ನನ್ನ ಮುಖ ಕಂಡವರಲ್ಲ. ಆ ಹಿರಿಯರು ಹೆಸರು ಕೇಳಿ, ಉತ್ತರ ತಿಳಿದು, ತಲೆಯಾಡಿಸಿ ಮುಂದಿನ ಪುಟಕ್ಕೆ ಹೋಗುವವರೇ ಇದ್ದರೇನೋ. ಅದನ್ನು ನೋಡುವಷ್ಟು ಹೊತ್ತು ನೀವು ಕಾಯಲಿಲ್ಲ. ಅದೇ ಪ್ರಶ್ನೆಯನ್ನು ನಿಮ್ಮ ಲ್ಯಾಬಿನ ಹುಡುಗನೂ ಕೇಳಿದ್ದ. ಅವನಿಗೆ ಉತ್ತರ ಕೊಡಲು ನಿಮಗೆ ಕಷ್ಟವಾಗಿರಲಿಲ್ಲ.

ಆ ಪುಸ್ತಕದ ತುಂಬ ಮನುಷ್ಯನಿಗೆ ಕುಲ ಕೇಳಬೇಡಿ ಅಂತಲೇ ಇದೆ. ನನಗೆ ಗೊತ್ತು, ಅದರ ಒತ್ತುಗಳನ್ನೆಲ್ಲ ತಿದ್ದಿದವನು ನಾನು. ಅವರು ಕುಲ ಕೇಳಿರಲಿಲ್ಲ. ಕೇಳಬಹುದು ಅಂತ ಹೆದರಿ ನೀವೇ ಮೊದಲು ಉತ್ತರಿಸಿದಿರಿ.

ಅಬ್ಬಾಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಆಮೇಲೆ ನಾನು ಸಿಟ್ಟಿನಲ್ಲಿ ಸೋರ್ಸ್ ತೆರೆದು ನಿಮ್ಮ ಹೆಸರು ಅಳಿಸಲು ಕೂತಾಗ ಹಿಂದೆ ಬಂದು ನಿಂತು ಹೇಳಿದರು: "ಕೆಲಸ ಅವನೂ ಮಾಡ್ಯಾನಲ್ಲ. ಅಡಿಗಿನ ಹೆಸರ ಕಿತ್ತೂದು ನಮ್ಮ ಪ್ರೆಸ್ಸಿನ ಚಾಳಿ ಅಲ್ಲ." ಹಾಗಾಗಿ ನಿಮ್ಮ ಹೆಸರು ಇದ್ದಲ್ಲೇ ಇದೆ. ಇದನ್ನು ಕ್ಷಮೆ ಅಂತ ತಿಳಿಯಬೇಡಿ.

ಸೋರ್ಸಿನಿಂದ ಕಟ್ಟಿದವರಿಗೆ ಹೆಸರು ಕಾಣುತ್ತದೆ ಅಂದಿರಿ. ಒಳ್ಳೆಯ ಮಾತು. ಕಟ್ಟುವುದು ಯಾರಿಗೂ ಬರುವುದಿಲ್ಲ ಅಂತ ಗೊತ್ತಿದ್ದೇ ಹಾಗೆ ಅಂದಿರಿ. ಅದಕ್ಕೇ ಇಷ್ಟು ದಿನ ಕೂತು, ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಸಾಣಿಗೆ ಕಟ್ಟುವುದು ಹೇಗೆ ಅಂತ ಅಚ್ಚ ಕನ್ನಡದಲ್ಲಿ ಬರೆದೆ. ಕಂಪ್ಯೂಟರ್ ಮುಟ್ಟಲು ಹೆದರುವವರಿಗೂ ತಿಳಿಯಬೇಕು ಅಂತ ಅಮ್ಮಿಯನ್ನೇ ಕೂಡಿಸಿ ಜಸ್ಮೀನಳ ಲ್ಯಾಪ್‌ಟಾಪಿನಲ್ಲಿ ಕಟ್ಟಿಸಿದೆ. ಅಮ್ಮಿ ಕಟ್ಟಿದಳು. ಪ್ರೆಸ್ಸಿನಲ್ಲಿ ಪುಟ್ಟ ಪುಸ್ತಕವಾಗಿ ಅಚ್ಚು ಹಾಕಿದ್ದೇನೆ. ನಮ್ಮ ಜಿಲ್ಲೆಯ ಡಿಟಿಪಿ ಅಂಗಡಿಗಳಿಗೆ ಹೋಗಿದೆ. ನಿಮ್ಮ ಸಂಸ್ಥೆಯ ಆಫೀಸಿಗೂ, ಆ ಹಿರಿಯರಿಗೂ ಒಂದೊಂದು ಪ್ರತಿ ಹೋಗಿದೆ. ನಿಮ್ಮದು ಈ ವಾರ ಪೋಸ್ಟಿನಲ್ಲಿ ಬರುತ್ತದೆ.

ಆ ಬೋಗುಣಿಯನ್ನು ಏನು ಮಾಡಲಿ ಅಂತ ಅಮ್ಮಿ ಕೇಳಿದ್ದಳು. ಈಗ ಅದರಲ್ಲಿ ಎಲ್ಲರ ಅಡಿಗೆಯೂ ಆಗುತ್ತದೆ.

ನಮ್ಮ ಪುಟ್ಟ ಪುಸ್ತಕದ ಕೊನೆಯ ಪುಟವನ್ನು ಮಾತ್ರ ಇಲ್ಲೇ ಬರೆದುಬಿಡುತ್ತೇನೆ. ನೀವು ಅಲ್ಲಿಯ ತನಕ ಓದುತ್ತೀರೋ ಇಲ್ಲವೋ.

"ಕಟ್ಟಿ ಮುಗಿಯಿತೇ? ಇನ್ನು ಸರಿಯಾಗಿ ಕಟ್ಟಿದೆಯೇ ಅಂತ ನೋಡೋಣ. ಸೋರ್ಸಿನ ಜೊತೆ ಇಟ್ಟಿರುವ ನಿಂಬರ್ಗಾದ ಮದುವೆ ಕಾರ್ಡನ್ನು ಸೋಸಿರಿ. ಅಡಿಯ ಸಾಲಿನಲ್ಲಿ ಎರಡು ಹೆಸರು ಬರಬೇಕು. ಒಂದೇ ಬಂದರೆ ಅದು ನೀವು ಕಟ್ಟಿದ್ದಲ್ಲ, ಯಾರೋ ಕಟ್ಟಿ ಕೊಟ್ಟದ್ದು. ಅದನ್ನು ಅಳಿಸಿ, ಮೊದಲಿನಿಂದ ನೀವೇ ಕಟ್ಟಿರಿ."

ಮುಕ್ರಮ, ಆಳಂದ